ಕವರಿನ ಮೇಲಿನ ಮುಖ

ಶನಿವಾರ ಬೆಳಗ್ಗೆ ಲಾರ್ನ್‌ನ ಮನೆಯ ನೆಲಮಾಳಿಗೆಯಲ್ಲಿ ಮೂವರೂ ಕೂತು ರಟ್ಟು ಮಡಚುತ್ತಿದ್ದರು. ಮೇಲೆ ಅವನ ತಾಯಿ ಎಲೆಕೋಸು ಬೇಯಿಸುತ್ತಿದ್ದಳು. ಅದರ ವಾಸನೆ ಮೆಟ್ಟಿಲಿಳಿದು ಬಂದು ಗೋಂದಿನ ವಾಸನೆಯ ಜೊತೆ ಸೇರಿಕೊಂಡಿತ್ತು. ಅಚ್ಚಿನ ಮನೆಯವರು ಆಲ್ಬಮ್ಮಿನ ಕವರುಗಳನ್ನು ಚಪ್ಪಟೆ ಹಾಳೆಗಳಾಗಿಯೇ ಕೊಡುತ್ತಾರೆ. ಮಡಚಿ, ಅಂಟಿಸಿ, ಒಳಗೆ ರೆಕಾರ್ಡ್ ಇಡುವುದು ಬ್ಯಾಂಡಿನವರದೇ ಕೆಲಸ. ಪಂಕ್ ಎಂಬ ಒರಟು ರಾಕ್ ಸಂಗೀತದ ಹುಡುಗರಿಗೆ ಅದೊಂದು ವ್ರತ. ಮೊದಲ ಆಲ್ಬಮ್ಮನ್ನು ಬೇರೆಯವರ ಕೈಯಲ್ಲಿ ಮಡಚಿಸಿದ ಬ್ಯಾಂಡನ್ನು ಕೆನಡಾದ ಈ ಹ್ಯಾಮಿಲ್ಟನ್ನಿನಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ.

ಬ್ಯಾಂಡಿನ ಹೆಸರು ‘ಲಂಚ್ ವಿಸಲ್’. ಹಾಡುವವಳು ಮಾರಿಕಾ ಡೋಬೋಶ್, ಹತ್ತೊಂಬತ್ತು ವರ್ಷ, ಹಗಲು ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ. ಗಿಟಾರ್ ಡಾರಿಯೊನದು, ಫೋಟೋ ತೆಗೆಯುವವನೂ ಅವನೇ, ಎಲ್ಲದಕ್ಕೂ ಮೊದಲು ಬಾಯಿ ಹಾಕುವವನೂ ಅವನೇ. ಡ್ರಮ್ ಬಾರಿಸುವ ಲಾರ್ನ್ ಎತ್ತರದ ಆಳು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಆಲ್ಬಮ್ಮಿಗೆ ‘ನಮ್ಮನ್ನು ಯಾರು ಕೇಳಿದರು’ ಎಂದು ಹೆಸರಿಟ್ಟಿದ್ದರು. ಊರಿನ ತಂತಿ ಕಾರ್ಖಾನೆ ಒಂದು ಶುಕ್ರವಾರ ಹೇಳದೆ ಕೇಳದೆ ಬಾಗಿಲು ಹಾಕಿತಲ್ಲ, ಹನ್ನೊಂದು ಹಾಡುಗಳೂ ಆ ಸಿಟ್ಟಿನವು. ಕವರಿನ ಮೇಲೆ ಡಾರಿಯೊ ತೆಗೆದ ಫೋಟೋ: ಚರ್ಚಿನ ಮುಂದೆ ಉಚಿತ ದಿನಸಿಯ ಸಾಲಿನಲ್ಲಿ ನಿಂತ ಒಬ್ಬ ಹೆಂಗಸು, ಕೈಗವಸು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಾಯಿ ಅಗಲಿಸಿ ಬನ್ನು ಕಚ್ಚುತ್ತಿದ್ದಾಳೆ. ಗದ್ದದ ಮೇಲೆ ತುಣುಕುಗಳು. ಕಣ್ಣು ಮಾತ್ರ ಎಲ್ಲೋ ದೂರದಲ್ಲಿದೆ.

“ಈ ಮುಖ ನೋಡಿದವರು ರೆಕಾರ್ಡ್ ಕೈಯಿಂದ ಕೆಳಗಿಡಲ್ಲ, ಬರೆದಿಟ್ಕೊಳ್ಳಿ,” ಎಂದ ಡಾರಿಯೊ.

“ಮೊದಲು ಆ ಮೂಲೆ ಸರಿಯಾಗಿ ಅಂಟಿಸು. ಡೊಂಕಾಗಿದೆ,” ಎಂದಳು ಮಾರಿಕಾ.

ಡಾರಿಯೊ ಹೇಳಿದ್ದು ಸುಳ್ಳಾಗಲಿಲ್ಲ. ಎರಡೇ ವಾರದಲ್ಲಿ ಕಾಲೇಜಿನ ರೇಡಿಯೊ ದಿನಕ್ಕೆರಡು ಸಲ ಅವರ ಹಾಡು ಹಾಕತೊಡಗಿತು. ಟೊರಾಂಟೊದ ಹುಡುಗಿಯೊಬ್ಬಳು ಜೆರಾಕ್ಸ್ ಮಾಡಿ ಹಂಚುವ ಪತ್ರಿಕೆಯಲ್ಲಿ ಅರ್ಧ ಪುಟ ಬರೆದಳು: ಡ್ರಮ್ ಗುಡುಗುತ್ತದೆ, ಗಿಟಾರ್‌ಗೆ ಶ್ರುತಿ ಸೇರಿಲ್ಲ, ಅದರ ಅಗತ್ಯವೂ ಇಲ್ಲ, ಹಾಡುವವಳು ಬೆಂಕಿ, ಕವರ್ ಈ ವರ್ಷದಲ್ಲೇ ಅತ್ಯುತ್ತಮ. ಮಾರಿಕಾ ಆ ಪುಟವನ್ನು ಬಟ್ಟೆ ಒಣಗಿಸುವ ಯಂತ್ರದ ಮೇಲೆ ಅಂಟಿಸಿಕೊಂಡಳು. ಆಮೇಲೆ ಶಿಕಾಗೋದ ವಿತರಕರಿಂದ ಕಾಗದ ಬಂತು. ಇನ್ನೊಂದು ಸಾವಿರ ಪ್ರತಿ ಅಚ್ಚು ಹಾಕಿಸಿದರೆ ಅಮೆರಿಕ, ಕೆನಡಾದ ಅಂಗಡಿಗಳಿಗೆಲ್ಲ ತಾವು ಕಳಿಸುತ್ತೇವೆ, ಆ ಕವರ್ ಮಾತ್ರ ಬದಲಾಯಿಸಬೇಡಿ, ಎಂದಿತ್ತು. ಅಷ್ಟು ಓದಿ ಲಾರ್ನ್ ಕೂಡ ನಕ್ಕುಬಿಟ್ಟ. ಮಕ್ಕಳು ಸಂತೋಷಪಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ; ಮೂರು ವರ್ಷ ಬೆವರು ಸುರಿಸಿದ್ದರು.

ಮಾರಿಕಾಳ ಅಂಗಡಿಯ ಪಕ್ಕದಲ್ಲೇ ಐಕ್ ಎಂಬ ಮುದುಕನ ರೆಕಾರ್ಡ್ ಅಂಗಡಿ. ಅವನು ಅಭಿಮಾನದಿಂದ ಕಿಟಕಿಯಲ್ಲಿ ‘ಲಂಚ್ ವಿಸಲ್’ನ ಹನ್ನೆರಡು ಪ್ರತಿಗಳನ್ನು ಸಾಲಾಗಿ ನಿಲ್ಲಿಸಿದ್ದ. ಮಂಗಳವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾರಿಕಾ ಅಲ್ಲಿಗೆ ಹೋದಾಗ, ಬೇಕರಿಯ ಬಿಳಿ ಏಪ್ರನ್ ತೊಟ್ಟ ಹೆಂಗಸೊಬ್ಬಳು ಕಿಟಕಿಯೊಳಗೆ ಬಗ್ಗಿ, ಒಂದೊಂದೇ ಕವರನ್ನು ತಿರುಗಿಸಿ ಹಿಂಭಾಗ ಕಾಣುವಂತೆ ಇಡುತ್ತಿದ್ದಳು.

“ಏನಮ್ಮಾ, ಏನು ಮಾಡ್ತಿದ್ದೀಯ ಅಲ್ಲಿ?” ಎಂದು ಐಕ್ ಕೂಗಿದ.

“ಕಾಣ್ತಾ ಇಲ್ವಾ? ನನ್ನ ಮುಖ ತಿರುಗಿಸ್ತಿದ್ದೀನಿ.”

ಅವಳು ಇತ್ತ ತಿರುಗಿದಳು. ಗದ್ದದ ಮೇಲೆ ತುಣುಕುಗಳಿರಲಿಲ್ಲ, ತಲೆ ನೀಟಾಗಿ ಬಾಚಿತ್ತು, ಆದರೆ ಅದೇ ಮುಖ. ನಾಲ್ಕು ತಿಂಗಳಿಂದ ಅದನ್ನು ಸಾವಿರ ಸಲ ನೋಡಿದ್ದ ಮಾರಿಕಾಳಿಗೆ, ಅದಕ್ಕೊಂದು ದನಿ ಇದೆಯೆಂದು ಇವತ್ತಿನವರೆಗೆ ಹೊಳೆದಿರಲಿಲ್ಲ. ಮೆಲ್ಲಗೆ ಜಾರಿಕೊಳ್ಳಬಹುದಿತ್ತು. ಜಾರಿಕೊಳ್ಳಲಿಲ್ಲ, ಅದು ಅವಳ ದೊಡ್ಡತನ.

“ಅದರಲ್ಲಿ ಹಾಡಿರೋಳು ನಾನೇ,” ಎಂದಳು.

ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನೀನಾ? ಇನ್ನೂ ಹಸುಗೂಸು. ನನ್ನ ಹೆಸರು ವರ್ನಾ ಹ್ಯಾಸ್ಕೆಟ್. ಗೊತ್ತಿರಲಿಲ್ಲ ಅಲ್ವಾ? ಮುಖ ಬೇಕಾಗಿತ್ತು, ಹೆಸರು ಬೇಕಾಗಿರಲಿಲ್ಲ.”

“ನಿಮ್ಮಂಥವರ ಪರವಾಗಿಯೇ ಹಾಡಿದ್ದು ನಾವು...”

“ಕೇಳಿದೆ. ಬೇಕರಿಗೆ ಬರೋ ಹುಡುಗನೊಬ್ಬ ಕ್ಯಾಸೆಟ್‌ನಲ್ಲಿ ಹಾಕಿ ಕೇಳಿಸಿದ. ಗಲಾಟೆ ಜಾಸ್ತಿ, ಆದ್ರೆ ಮಾತು ನಿಜ. ಆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ತಂತಿ ಸುತ್ತಿದೀನಿ ನಾನು.” ವರ್ನಾ ಕೊನೆಯ ಕವರನ್ನೂ ತಿರುಗಿಸಿದಳು. “ನಾಲ್ಕು ತಿಂಗಳು ಆ ಸಾಲಲ್ಲಿ ನಿಂತೆ. ಯಾರಿಗೂ ಹೇಳಿರಲಿಲ್ಲ. ಸಡ್ಬರಿಯಲ್ಲಿರೋ ಮಗಳಿಗೂ ಹೇಳಿಲ್ಲ. ಈಗ ಅದೇ ಹುಡುಗ ನಿಮ್ಮ ಕವರನ್ನ ತಂದು ಗಲ್ಲಾಪೆಟ್ಟಿಗೆ ಮೇಲೆ ಅಂಟಿಸಿದಾನೆ, ‘ಆಂಟಿ, ಸಹಿ ಹಾಕಿ’ ಅಂತಾನೆ. ಸ್ಕೂಲ್ ಮಕ್ಕಳು ನನ್ನ ಕಂಡ್ರೆ ಹೀಗೆ ಬಾಯಿ ಅಗಲಿಸ್ತಾರೆ.” ಅವಳು ಬಾಯಿ ಅಗಲಿಸಿ ತೋರಿಸಿದಳು. ಐಕ್ ತಲೆ ತಗ್ಗಿಸಿದ. “ನಮ್ಮನ್ನು ಯಾರು ಕೇಳಿದರು ಅಂತ ಹೆಸರಿಟ್ಟಿದ್ದೀರಿ. ಒಳ್ಳೆ ಹೆಸರು. ನಾನೂ ಅದನ್ನೇ ಕೇಳೋಕೆ ಬಂದೆ.”

ಬೇಕರಿಗೆ ತಡವಾಯಿತೆಂದು ಹೊರಟೇಹೋದಳು.

ಸಂಜೆ ನೆಲಮಾಳಿಗೆಯಲ್ಲಿ ಮಾರಿಕಾ ನಡೆದದ್ದೆಲ್ಲ ಹೇಳಿದಳು. ಡಾರಿಯೊ ಗಿಟಾರಿನ ತಂತಿ ಬಿಗಿಮಾಡುತ್ತಲೇ ಕೇಳಿದ.

“ಪಾಪ ಅನ್ಸುತ್ತೆ. ಆದ್ರೆ ಬೀದಿ ಎಲ್ಲರದು ಕಣೇ. ಬೀದಿಲಿ ಕಂಡಿದ್ದನ್ನ ತೆಗಿಯೋಕೆ ಯಾರ ಅಪ್ಪಣೆ ಬೇಕು? ಅಪ್ಪಣೆ ತಗೊಂಡು, ಕೂದಲು ಬಾಚಿಸಿ, ನಗಿಸಿ ತೆಗೆದಿದ್ರೆ ಅದು ಸೋಪಿನ ಜಾಹೀರಾತಾಗ್ತಿತ್ತು. ಆ ಬಾಗಿಲು ಮುಚ್ಚಿದ ದೊಡ್ಡವರಿಗೆ ತಗಲಬೇಕಾದ್ರೆ ಈ ಮುಖವೇ ಬೇಕು.”

“ದೊಡ್ಡವರಿಗೆ ಎಲ್ಲಿ ತಗಲ್ತೋ? ತಗಲಿದ್ದು ಅವಳಿಗೆ.”

“ಸಾವಿರ ಪ್ರತಿ, ಮಾರಿಕಾ! ಶಿಕಾಗೋ! ಕವರ್ ಬದಲಾಯಿಸಬೇಡಿ ಅಂತ ಬರೆದಿದ್ದಾರೆ. ಮೂರು ವರ್ಷ ಈ ಬಿಲದಲ್ಲಿ ಕೂತು ಬಾರಿಸಿದ್ದು ಯಾಕೆ?”

ಅವನ ಮಾತಲ್ಲಿ ಸತ್ಯವಿರಲಿಲ್ಲ ಎನ್ನಲಾಗದು. ಫೋಟೋ ನಿಜವಾಗಿಯೂ ಚೆನ್ನಾಗಿತ್ತು. ಅವನ ಸಿಟ್ಟೂ ನಿಜವಾಗಿತ್ತು. ಆಗ ಡ್ರಮ್ಮಿನ ಹಿಂದಿನಿಂದ ಲಾರ್ನ್ ಬಾಯಿಬಿಟ್ಟ.

“ಆ ಫೋಟೋದಲ್ಲಿ ನಮ್ಮಪ್ಪನೂ ಇದ್ದ.”

ಡಾರಿಯೊನ ಕೈ ನಿಂತಿತು.

“ಅವಳ ಹಿಂದೆ ಎರಡನೆಯವನು. ಬುಟ್ಟಿ ಹಿಡ್ಕೊಂಡು, ಮುಖ ಕೆಳಗೆ ಹಾಕ್ಕೊಂಡು. ನೀನು ಪ್ರಿಂಟ್ ಹಾಕೋವಾಗ ಅವನಿದ್ದ ಕಡೆ ಕತ್ತರಿಸಿಬಿಟ್ಟೆ. ನಂಗೆ ಬೇಜಾರಾಗುತ್ತೆ ಅಂತ. ನಾನು ನೋಡಿದೆ, ಸುಮ್ಮನಿದ್ದೆ. ಒಳಗೊಳಗೇ ಖುಷಿಪಟ್ಟೆ ಕಣೋ, ಸದ್ಯ ನಮ್ಮಪ್ಪ ಅಲ್ವಲ್ಲ ಅಂತ.” ಲಾರ್ನ್ ಕೋಲುಗಳನ್ನು ಕೆಳಗಿಟ್ಟ. “ನಮ್ಮವನಿಗೆ ಒಂದು ನ್ಯಾಯ, ಅವಳಿಗೊಂದು ನ್ಯಾಯ. ಅಷ್ಟೇ ನಾನು ಹೇಳೋದು.”

ಲಾರ್ನ್ ಒಮ್ಮೆಗೆ ಅಷ್ಟು ಮಾತಾಡಿದ್ದನ್ನು ಅವರಿಬ್ಬರೂ ಕೇಳಿರಲಿಲ್ಲ. ಡಾರಿಯೊ ಗಿಟಾರನ್ನು ಗೋಡೆಗೆ ಒರಗಿಸಿಟ್ಟ. ಕತ್ತರಿ ಹಿಡಿದಾಗ ಅವನಿಗೆ ಅದು ಸ್ನೇಹ ಅನ್ನಿಸಿತ್ತು. ಈಗ ಅದೇ ಕತ್ತರಿ ಅವನನ್ನು ನಾಚಿಸಿತು.

ಮರುದಿನ ಮೂವರೂ ಬೇಕರಿಗೆ ಹೋದರು. ಮೊದಲು ಡಾರಿಯೊ ಗಲ್ಲಾಪೆಟ್ಟಿಗೆಯ ಮೇಲಿದ್ದ ಕವರನ್ನು ಉಗುರಲ್ಲಿ ಕೆರೆದು ತೆಗೆದ. ಆಮೇಲೆ ತಡವರಿಸುತ್ತ, ಕ್ಷಮಿಸಿ ಎಂದ.

“ಕ್ಷಮೆ ಇಟ್ಕೊಂಡು ಏನು ಮಾಡ್ಲಪ್ಪಾ, ಬ್ರೆಡ್ಡಿಗೆ ಹಚ್ಕೊಂಡು ತಿನ್ಲಾ?” ಎಂದಳು ವರ್ನಾ. “ಅಂಗಡಿಗಳಿಂದ ತೆಗೀತೀರೋ ಇಲ್ವೋ?”

“ಬೆಳಗ್ಗೆಯಿಂದ ಅದೇ ಕೆಲಸ. ಎಲ್ಲಾ ಕಡೆಯಿಂದ ವಾಪಸ್ ತರ್ತಿದ್ದೀವಿ. ಶಿಕಾಗೋಗೂ ಬರೆದಾಯ್ತು, ಈ ಕವರ್ ಇನ್ನಿಲ್ಲ ಅಂತ.” ಡಾರಿಯೊ ಜೇಬಿನಿಂದ ನೆಗೆಟಿವ್ ತೆಗೆದು ಅವಳ ಮುಂದಿಟ್ಟ. “ಇದು ನಿಮ್ಮದು.”

ವರ್ನಾ ಅದನ್ನು ದೀಪಕ್ಕೆ ಹಿಡಿದು ನೋಡಿದಳು. “ಫೋಟೋ ಚೆನ್ನಾಗಿ ತೆಗೆದಿದ್ದೀಯ ಕಣಪ್ಪ. ಅದೇ ತೊಂದರೆಯಾಗಿದ್ದು.” ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. “ಮತ್ತೆ ನಿಮ್ಮ ರೆಕಾರ್ಡನ್ನ ಯಾತರಲ್ಲಿ ಮಾರ್ತೀರಿ ಈಗ?”

“ಬರೀ ಕಂದು ರಟ್ಟು. ಹೆಸರು ಕೈಯಲ್ಲೇ ಬರೀತೀವಿ,” ಎಂದಳು ಮಾರಿಕಾ.

ವರ್ನಾ ಕೆರೆದು ತೆಗೆದ ಕವರನ್ನು ಎತ್ತಿ ಅದರ ಅಂಚನ್ನು ಬೆರಳಲ್ಲಿ ಸವರಿದಳು. “ಇದನ್ನ ಮಡಚಿದ್ದು ಯಾರು? ಕಣ್ಣು ಮುಚ್ಕೊಂಡು ಮಡಚಿದ್ರಾ? ದಿನಕ್ಕೆ ಇನ್ನೂರು ಕೇಕಿನ ಡಬ್ಬಿ ಮಡಚ್ತೀನಿ ನಾನು. ಒಂದಕ್ಕೂ ಗೋಂದು ಹಾಕಲ್ಲ.”

ಲಾರ್ನ್ ಡಾರಿಯೊನ ಕಡೆ ಕೈ ತೋರಿಸಿದ. ಡಾರಿಯೊ ಲಾರ್ನ್‌ನ ಕಡೆ ತೋರಿಸಿದ. ವರ್ನಾಗೆ ನಗು ತಡೆಯಲಾಗಲಿಲ್ಲ.

ಮೂರು ವಾರ ಕಳೆದು, ಒಂದು ಭಾನುವಾರ ಮಧ್ಯಾಹ್ನ ಎರಡಕ್ಕೆ ಹಂಗೇರಿಯನ್ನರ ಸಭಾಭವನದಲ್ಲಿ ಕಾರ್ಯಕ್ರಮ. ಹದಿಮೂರು ವರ್ಷದವರೂ ಬರಲೆಂದೇ ಪಂಕ್ ಬ್ಯಾಂಡುಗಳು ಹಗಲುಹೊತ್ತು ನುಡಿಸುತ್ತವೆ. ಹಳೆಯ ಕವರ್ ವಾಪಸ್ ತಂದವರಿಗೆ ಪ್ರವೇಶ ಉಚಿತ, ಹೊಸ ಕವರೂ ಉಚಿತ, ಎಂದು ಬಾಗಿಲಲ್ಲಿ ಬರೆದಿತ್ತು. ಯಾಕೆಂದು ಬರೆದಿರಲಿಲ್ಲ. ಒಬ್ಬ ಚೋಟುದ್ದದ ಹುಡುಗಿ ಬಿಡಲೇ ಇಲ್ಲ: “ಯಾಕೆ? ಚೆನ್ನಾಗಿತ್ತಲ್ಲ ಅದು?”

ಡಾರಿಯೊ ದೊಡ್ಡ ಭಾಷಣಕ್ಕೇ ಬಾಯಿ ತೆರೆದ. ಆ ಕಥೆಯನ್ನು ಅವನು ಸೊಗಸಾಗಿ ಹೇಳಬಲ್ಲವನು. ಆದರೆ ಮುಚ್ಚಿದ. “ನಾವು ತಪ್ಪು ಮಾಡಿದ್ವಿ. ಕೊಡು ಇಲ್ಲಿ,” ಎಂದಷ್ಟೇ ಹೇಳಿ ಕೈ ಚಾಚಿದ.

ಕವರುಗಳೆಲ್ಲ ವಾಪಸ್ ಬರಲಿಲ್ಲ. ಕೆಲವು ಯಾರ ಯಾರ ಗೋಡೆಗಳ ಮೇಲೋ ಉಳಿದೇ ಉಳಿದವು, ಅದಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಶಿಕಾಗೋದವರು ಸಾವಿರವನ್ನು ನೂರಕ್ಕೆ ಇಳಿಸಿ ಕಾಗದ ಹಾಕಿದ್ದರು. ಡಾರಿಯೊ ಅದನ್ನು ಎರಡು ಸಲ ಓದಿ, ನೂರಾದರೂ ಶಿಕಾಗೋ ಶಿಕಾಗೋನೇ, ಎಂದ. ಮನಸ್ಸು ಹಗುರವಾಗಿತ್ತು.

ಸಭಾಭವನದ ಹಿಂದಿನ ಕೋಣೆಯಲ್ಲಿ ಉದ್ದದ ಮೇಜಿನ ಮೇಲೆ ಕಂದು ರಟ್ಟಿನ ರಾಶಿ. ಚರ್ಚು ಮುಗಿಸಿ ಬಂದ ವರ್ನಾ, ಕರೆಯದಿದ್ದರೂ ಬಂದು, ಕೋಟು ಕಳಚಿ ಕೂತಿದ್ದಳು. ಗೋಂದಿಲ್ಲದೆ, ರಟ್ಟಿನ ಅಂಚಿನಲ್ಲಿ ನಾಲಿಗೆಯಂಥ ಪಟ್ಟಿಯೊಂದನ್ನು ಕತ್ತರಿಸಿ ಸೀಳಿನಲ್ಲಿ ಸಿಕ್ಕಿಸುವ ಬಗೆಯನ್ನು ಮಾರಿಕಾಗೂ ಲಾರ್ನ್‌ಗೂ ಕಲಿಸುತ್ತಿದ್ದಳು. ಲಾರ್ನ್‌ನ ದಪ್ಪ ಬೆರಳಿಗೆ ಅದು ಬಾರದೆ ರಟ್ಟು ಹರಿದುಹೋಗುತ್ತಿತ್ತು.

“ಅಯ್ಯೋ, ಡ್ರಮ್ ಅಲ್ಲ ಕಣೋ ಅದು!” ಎಂದು ವರ್ನಾ ತಲೆ ಹಿಂದೆ ಚೆಲ್ಲಿ ನಕ್ಕಳು. ಎತ್ತರದ ಕಿಟಕಿಯಿಂದ ಬಿಸಿಲು ನೇರವಾಗಿ ಅವಳ ಮುಖದ ಮೇಲೆ ಬಿದ್ದಿತ್ತು, ಕೈ ಮಾತ್ರ ನಿಲ್ಲದೆ ಮಡಚುತ್ತಲೇ ಇತ್ತು.

ಬಾಗಿಲಲ್ಲಿ ನಿಂತ ಡಾರಿಯೊ ಅದನ್ನು ಕಂಡ. ಅಂಥ ಚಿತ್ರ ವರ್ಷಕ್ಕೊಂದೂ ಸಿಗುವುದಿಲ್ಲ. ಕೈ ತಾನಾಗಿಯೇ ಕೊರಳಲ್ಲಿದ್ದ ಕ್ಯಾಮೆರಾಕ್ಕೆ ಹೋಯಿತು; ಕಣ್ಣಿನ ಹತ್ತಿರವೂ ಬಂತು. ಅಲ್ಲಿ ಅವನು ಅದನ್ನು ತಡೆದ.

“ಮಿಸೆಸ್ ಹ್ಯಾಸ್ಕೆಟ್, ಒಂದು ಫೋಟೋ ತೆಗೀಲಾ?”

ವರ್ನಾ ತಲೆಯೆತ್ತಿ ಅವನನ್ನು ನೋಡಿದಳು. ಯೋಚಿಸಿದಳು. ನಗು ಇನ್ನೂ ಮುಖದ ಮೇಲೆಯೇ ಇತ್ತು.

“ಬೇಡಪ್ಪ,” ಎಂದಳು.

“ಸರಿ,” ಎಂದ ಡಾರಿಯೊ. ಕ್ಯಾಮೆರಾದ ಮುಚ್ಚಳ ಹಾಕಿ ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದು, ಅವಳ ಪಕ್ಕದ ಕುರ್ಚಿ ಎಳೆದುಕೊಂಡ. ವರ್ನಾ ಒಂದು ರಟ್ಟು ಅವನ ಮುಂದೆ ತಳ್ಳಿ, ಎಲ್ಲಿ ಮಡಚಬೇಕೆಂದು ಬೆರಳಿಟ್ಟು ತೋರಿಸಿದಳು.