ಮೂವತ್ತು ಸೆಕೆಂಡಿನ ಬೆಂಕಿ

ಜಾಹಿದನ ಕೈಯಲ್ಲಿ ಮೈಕು ಇರಲಿಲ್ಲ. ವೇದಿಕೆಯ ಮೇಲೆ ಐದಿದ್ದವು. ಹಾಡುವ ಭೀಮುಗೆ ಒಂದು, ನಿರೂಪಣೆಯ ಸುನೀಲಕುಮಾರನಿಗೆ ಒಂದು, ಡೋಲಕ್ಕಿಗೆ ಎರಡು, ಭಾಷಣದವರಿಗೆ ಒಂದು. ಬೆಂಕಿ ಹಚ್ಚುವವನಿಗೆ ಮಾತಿನ ಕೆಲಸ ಏನು ಎಂದು ಯಾರೂ ಆರನೆಯದನ್ನು ತಂದಿರಲಿಲ್ಲ.

ಸುನೀಲಕುಮಾರನದು ಸಿಂದಗಿಯ ಆರ್ಕೆಸ್ಟ್ರಾ. ಅದರಲ್ಲಿ ಹೊಗೆ, ಬಣ್ಣದ ಚೂರು, ಕಿಡಿ ಕಾರುವ ಡಬ್ಬಿ, ಇವಿಷ್ಟೂ ಜಾಹಿದನ ಪಾಲು. ನಾಲ್ಕು ವರ್ಷಗಳಲ್ಲಿ ಇಂಡಿಯಿಂದ ಮುದ್ದೇಬಿಹಾಳದ ತನಕ ಎಷ್ಟೋ ಲಗ್ನ, ಜಯಂತಿ, ಶಾಲೆಗಳ ಗ್ಯಾದರಿಂಗ್ ಮಾಡಿದ್ದ. ಒಬ್ಬರ ಕೂದಲೂ ಸುಟ್ಟಿರಲಿಲ್ಲ. ಬೇರೆ ಯಾವ ಹೆಮ್ಮೆಯೂ ಅವನಿಗಿರಲಿಲ್ಲ.

ಈ ಸಲದ ಕಾರ್ಯಕ್ರಮ ನಾಲತವಾಡದಲ್ಲಿ, ಅವನು ಓದಿದ ಶಾಲೆಯ ಅಂಗಳದಲ್ಲೇ. ವಿಜ್ಞಾನ ಕಲಿಸಿದ ಸಾವಿತ್ರವ್ವ ಟೀಚರಿಗೆ ನಿವೃತ್ತಿಯ ಬೀಳ್ಕೊಡುಗೆ. ಎಂಟನೆಯ ತರಗತಿಯಲ್ಲಿ ಮೆಗ್ನೀಷಿಯಂ ಪಟ್ಟಿಗೆ ಬೆಂಕಿ ಹಚ್ಚಿ ತೋರಿಸಿದವರು ಅವರೇ. ಆ ಬಿಳಿ ಬೆಳಕು ನೋಡಿದ ದಿನವೇ ತನ್ನ ದಂಧೆ ಯಾವುದೆಂದು ಜಾಹಿದನಿಗೆ ಗೊತ್ತಾಗಿಹೋಗಿತ್ತು. ಅದಕ್ಕೇ ಇವತ್ತಿನ ನಾಲ್ಕು ಡಬ್ಬಿಗಳು ಅವನ ಕಡೆಯಿಂದ ಅವರಿಗೆ ಕಾಣಿಕೆ. ಅವರ ಮುಂದೆ ಕೆಲಸ ಕೆಡಬಾರದು, ಅವರಿಗೊಂದು ಕಿಡಿಯೂ ತಾಕಬಾರದು. ಬೆಳಿಗ್ಗೆಯಿಂದ ಅವನ ತಲೆಯಲ್ಲಿದ್ದದ್ದು ಇದೊಂದೇ.

ಮುಂಜಾನೆಯೇ ಅವರ ಮನೆಗೆ ಹೋಗಿದ್ದ.

"ಅಕ್ಕಾರ, ಇವತ್ತ ನೂಲಿನ ಸೀರಿ ಉಡ್ರಿ. ಈ ಮಿಣಿಮಿಣಿ ಅನ್ನೂದು ಬ್ಯಾಡ."

"ಯಾಕಲೇ, ನಿನ್ನ ಬೆಂಕಿ ಥಣ್ಣಂದು ಅಂತಲ್ಲ? ಸುನೀಲ ಊರೆಲ್ಲಾ ಸಾರ್ಕೊಂತ ಬಂದಾನ, ಕೈ ಇಟ್ರೂ ಸುಡಂಗಿಲ್ಲ ಅಂತ."

"ಅವ ಹೇಳ್ತಾನ್ರಿ. ನೀವ ಹೇಳ್ರಿ, ಒಳಗ ಟೈಟಾನಿಯಂ ಪುಡಿ ಐತಿ."

ಸಾವಿತ್ರವ್ವ ಕನ್ನಡಕ ಸರಿಸಿ ನೋಡಿದರು. "ಲೋಹದ ಪುಡಿ ಉರದ ಮ್ಯಾಲ ಥಣ್ಣಗ ಹೆಂಗಿರ್ತೈತಿ? ಅಲ್ಲಲೇ, ಪರೀಕ್ಷೆದಾಗ ಮೂವತ್ತೈದು ತಗೊಂಡಾವ ಈಗ ನನಗ ಪಾಠ ಹೇಳಾಕತ್ತೀ?"

"ಮೂವತ್ತಾರ್ರಿ."

ಅವರು ನಕ್ಕರು. ಸಂಜೆ ಇಳಕಲ್ಲಿನ ನೂಲಿನ ಸೀರೆಯಲ್ಲೇ ಬಂದರು.

ಜಾಹಿದ ತನ್ನ ಪದ್ಧತಿಯಲ್ಲಿ ಯಾವುದನ್ನೂ ಬಿಡಲಿಲ್ಲ. ವೇದಿಕೆಯ ಮುಂದಿನ ಅಂಚಿನಲ್ಲಿ ನಾಲ್ಕು ಡಬ್ಬಿ ಕೂಡಿಸಿ, ಸುತ್ತ ಹತ್ತಡಿ ಬಿಟ್ಟು ಸುಣ್ಣದ ಗೆರೆ ಎಳೆದ. ಮೇಲಿನ ಝಾಲರಿಯ ಬಟ್ಟೆ ಬಿಚ್ಚಿಸಿದ. ವೇದಿಕೆಯ ಎರಡೂ ತುದಿಗೆ ಒಂದೊಂದು ಹಸಿ ಗೋಣಿಚೀಲ ಇಟ್ಟ. ಒಮ್ಮೆ ಗುಂಡಿ ಒತ್ತಿದರೆ ಡಬ್ಬಿ ಮೂವತ್ತು ಸೆಕೆಂಡು ಉರಿಯುತ್ತದೆ, ನಡುವೆ ಆರಿಸಲು ಬರುವುದಿಲ್ಲ. ಹಾಗಾಗಿ ಗೆರೆಯೊಳಗೆ ಯಾರೂ ಇಲ್ಲವೆಂದು ಕಣ್ಣಿಂದ ನೋಡದೆ ಅವನು ಗುಂಡಿ ಮುಟ್ಟುತ್ತಿರಲಿಲ್ಲ. ನಾಲ್ಕೂ ಡಬ್ಬಿ ಒಟ್ಟಿಗೆ ಕಾಣುವ ಜಾಗ ಒಂದೇ ಇತ್ತು, ಜನರ ಹಿಂದೆ, ಸೌಂಡಿನ ಮೇಜಿನ ಹತ್ತಿರ. ಅಲ್ಲಿಂದ ವೇದಿಕೆಗೆ ನಲವತ್ತಡಿ. ನಡುವೆ ಜಮಖಾನದ ಮೇಲೆ ಮುನ್ನೂರು ಜನ.

ಸತ್ಕಾರ ಎರಡು ತಾಸು ನಡೆಯಿತು. ಹಳೆಯ ವಿದ್ಯಾರ್ಥಿಗಳು ಶಾಲು ಹೊದಿಸಿದರು. ಸಹೋದ್ಯೋಗಿಗಳು ಜಾರ್ಜೆಟ್ ಸೀರೆಯೊಂದನ್ನು ತಂದು ಬಿಚ್ಚಿ ಹೆಗಲ ಮೇಲೆ ಹಾಕಿದರು. ಕೊಟ್ಟದ್ದನ್ನು ಅಲ್ಲೇ ತೆಗೆದಿಟ್ಟರೆ ಕೊಟ್ಟವರಿಗೆ ಬೇಜಾರು. ಸಾವಿತ್ರವ್ವ ನೂಲಿನ ಸೀರೆಯ ಮೇಲೆ ಅದನ್ನೆಲ್ಲ ಹೊತ್ತುಕೊಂಡೇ ಕುಳಿತರು. ಹೆಂಗಸರು ಸಾಲಾಗಿ ಬಂದು ಸೆರಗಿನೊಳಗೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬಿದರು. ಎಲ್ಲ ಮುಗಿದ ಮೇಲೆ ಅವರು ವೇದಿಕೆಯ ಹಿಂಬದಿಯ ಕುರ್ಚಿಗೆ ಸರಿದರು, ಗೆರೆಯಿಂದ ಎಷ್ಟೋ ದೂರ.

ಭೀಮು ಕೊನೆಯ ಹಾಡು ಎತ್ತಿಕೊಂಡ. ಡೋಲಕ್ಕು ಏರಿತು. ಗೆರೆಯೊಳಗೆ ಯಾರೂ ಇರಲಿಲ್ಲ. ಜಾಹಿದ ಎರಡು ಸಲ ನೋಡಿದ. ಒತ್ತಿದ.

ನಾಲ್ಕು ಕಾರಂಜಿಗಳು ಆಳೆತ್ತರಕ್ಕೆ ಎದ್ದವು. ಮಕ್ಕಳು ಕೂಗಿದರು. ಆಗ ವೇದಿಕೆಯ ಮೆಟ್ಟಿಲು ಹತ್ತಿದವಳು ಹೊನ್ನವ್ವ. ಶಾಲೆಯ ಬಿಸಿಯೂಟದ ಅಡುಗೆಯವಳು. ಬಂದ ಜನರಿಗೆ ಮಜ್ಜಿಗೆ ಕೊಡುವುದರಲ್ಲಿ ಉಡಿ ತುಂಬುವ ಅವಳ ಸರದಿ ತಪ್ಪಿಹೋಗಿತ್ತು. ಈಗ ತಾಟಿನಲ್ಲಿ ಅಕ್ಕಿ, ಕಾಯಿ, ಜಂಪರಿನ ಖಣ ಹಿಡಿದು ಬಂದಿದ್ದಳು. ಸಾವಿತ್ರವ್ವನ ಮೊಣಕೈ ಹಿಡಿದು ಎಬ್ಬಿಸಿದಳು. ಫೋಟೊದವನು ಕೈ ಬೀಸಿ ಇಬ್ಬರನ್ನೂ ಮುಂದಕ್ಕೆ ಕರೆದ. ಪಕ್ಕದಲ್ಲಿ ಬೆಂಕಿಯಿದ್ದರೆ ಫೋಟೊ ಚಂದ ಬರುತ್ತದೆ. ಇಬ್ಬರೂ ಸುಣ್ಣದ ಗೆರೆ ದಾಟಿದರು.

"ಅಕ್ಕಾರ! ಹಿಂದಕ್ಕ ಸರೀರಿ!"

ಎಂಟು ಸ್ಪೀಕರುಗಳ ಎದುರು ಅವನ ದನಿ ಅವನಿಗೇ ಕೇಳಲಿಲ್ಲ. ಜನರ ನಡುವೆ ನುಗ್ಗಿದ.

"ಕುಂದ್ರೋ ಮಾರಾಯಾ, ಕಾಣವಲ್ತು!"

"ಕಾಲ ತುಳದಲ್ಲೋ, ಕಣ್ಣ ಇಲ್ಲೇನ?"

"ಇವಗೂ ಹಾಡಾಕ ಬೇಕಂತ, ಬಿಡ್ರಿ ಮುಂದ."

ಹತ್ತು ಸೆಕೆಂಡು ಕಳೆದಿತ್ತು. ಸಾವಿತ್ರವ್ವ ಎರಡೂ ಕೈಗಳಿಂದ ಸೆರಗು ಹಿಡಿದು ಬಾಗಿದ್ದರು. ತುಟಿ ಅಲ್ಲಾಡುತ್ತಿತ್ತು. "ತಡೀಬೇ, ಆಚೆ ಸರೀತೇನಿ" ಎಂದಿದ್ದರಂತೆ. "ನಡುವ ಉಡಿ ಬಿಟ್ಟು ಸರೀಬಾರದ್ರಿ ಅಕ್ಕಾರ, ಇನ್ನ ಎರಡ ಬೊಗಸಿ" ಎಂದು ಹೊನ್ನವ್ವ ಹೇಳಿದ್ದಳಂತೆ. ಜಾಹಿದನಿಗೆ ಅದು ಗೊತ್ತಾದದ್ದು ಆಮೇಲೆ. ಆಗ ಅವನಿಗೆ ಕಂಡದ್ದು ಹೆಗಲಿಂದ ಇಳಿಬಿದ್ದ ಜಾರ್ಜೆಟ್ಟಿನ ತುದಿಯೊಂದೇ. ಅದು ಮೂರನೆಯ ಡಬ್ಬಿಯ ಬಾಯಿಗೆ ಒಂದು ಗೇಣು ದೂರವಿತ್ತು. ಆಮೇಲೆ ಆ ಗೇಣೂ ಉಳಿಯಲಿಲ್ಲ.

ಉರಿ ಒಂದೇ ಏಟಿಗೆ ಬೆನ್ನಿಗೇರಿತು. ಜನ ಚಪ್ಪಾಳೆ ಹೊಡೆದರು. ಸುನೀಲಕುಮಾರ ವೇದಿಕೆಗೆ ಬೆನ್ನು ಮಾಡಿ ನಿಂತಿದ್ದ. "ಇನ್ನೂ ಜೋರಾಗಿ, ನಮ್ಮ ಅಕ್ಕಾರಿಗೆ!" ಎಂದು ಮೈಕಿನಲ್ಲಿ ಒದರಿದ.

ಜಾಹಿದ ವೇದಿಕೆಯ ಎಡತುದಿಗೆ ಜಿಗಿದ. ಗೋಣಿಚೀಲ ಇರಲಿಲ್ಲ. ಬಲತುದಿಗೆ ಓಡಿದ. ಅಲ್ಲೂ ಇರಲಿಲ್ಲ. ಎರಡೂ ಶಾಮಿಯಾನದ ಹಿಂದಿದ್ದವು. ಸೆಕೆಗೆ ಮಜ್ಜಿಗೆ ಕೆಡಬಾರದೆಂದು ಹೊನ್ನವ್ವ ಹಂಡೆಗಳಿಗೆ ಸುತ್ತಿಟ್ಟಿದ್ದಳು. ಹಸಿ ಚೀಲ ಸುಮ್ಮನೆ ಬಿದ್ದಿದ್ದರೆ ಅದಕ್ಕಲ್ಲದೆ ಇನ್ನೇತಕ್ಕೆ ಎಂದುಕೊಂಡಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಜಾಹಿದನೂ ಹೇಳಿರಲಿಲ್ಲ.

ಸಾವಿತ್ರವ್ವ ಆಗ ಉಡಿ ಬಿಟ್ಟರು. ಅಕ್ಕಿ ಚೆಲ್ಲಿತು. ಬಲಗೈಯಿಂದ ಉರಿಯುವ ಸೀರೆ ಹಿಡಿದೆಳೆದರು. ಬಟ್ಟೆ ಕರಗಿ ಕೈಗೇ ಅಂಟಿತು. ಮಕ್ಕಳಿಗೆ ಕಲಿಸಿದ ಹಾಗೆ ನೆಲಕ್ಕೆ ಬಿದ್ದು ಹೊರಳಿದರು. ಜಾಹಿದ ತನ್ನ ಅಂಗಿ ಬಿಚ್ಚಿ ಮೇಲೆ ಹಾಕಿ ಅಮುಕಿದ. ಪಕ್ಕದಲ್ಲಿ ಡಬ್ಬಿಗಳು ಇನ್ನೂ ಕಾರುತ್ತಿದ್ದವು. ತಮ್ಮ ಹೊತ್ತು ಮುಗಿದ ಮೇಲೆ, ಅವನು ಯಾವತ್ತೂ ಹೇಳುತ್ತಿದ್ದ ಹಾಗೆ, ತಾವಾಗಿಯೇ ಆರಿದವು.

ಮುದ್ದೇಬಿಹಾಳದ ದವಾಖಾನೆಯಲ್ಲಿ ಪಟ್ಟಿ ಕಟ್ಟಿ ವಿಜಯಪುರಕ್ಕೆ ಕಳಿಸಿದರು. ಒಂಬತ್ತನೆಯ ದಿನ ಜಾಹಿದನನ್ನು ಒಳಗೆ ಬಿಟ್ಟರು. ಹೊನ್ನವ್ವ ಹೊರಗೆ ಗೋಡೆಗೆ ಒರಗಿ ಕುಳಿತಿದ್ದಳು.

"ಒಂದು ಮಾತ ಹೇಳಿದ್ರ ಮುಟ್ತಿರಲಿಲ್ಲಪಾ ನಾ," ಎಂದಳು.

ಸಾವಿತ್ರವ್ವ ಬೋರಲು ಮಲಗಿದ್ದರು. ಮುಖ ಇತ್ತ ತಿರುಗಿಸಿದರು.

"ನಿನ್ನ ಗೆರೆ ಸರಿ ಇತ್ತಲೇ," ಎಂದರು. "ನಾನೂ ನೋಡಿದ್ದೆ."

"ಮತ್ತ ಯಾಕ ಹಿಂದ ಸರೀಲಿಲ್ರಿ ಅಕ್ಕಾರ?"

"ಉಡಿಯೊಳಗ ಅಕ್ಕಿ ಇತ್ತಲ್ಲಪಾ."

ಅಷ್ಟೇ ಹೇಳಿ ಕಣ್ಣು ಮುಚ್ಚಿದರು. ಹೊತ್ತಾಯಿತೆಂದು ನರ್ಸ್ ಜಾಹಿದನನ್ನು ಹೊರಗೆ ಕಳಿಸಿದಳು.

ಹೋದದ್ದು ಇಷ್ಟು: ಒಂದು ಜಾರ್ಜೆಟ್ ಸೀರೆ, ಒಂದು ಇಳಕಲ್ ಸೀರೆ, ಹನ್ನೊಂದು ಶಾಲು, ಬೆನ್ನಿನ ಅರ್ಧ ಚರ್ಮ, ಬಲಗೈಯ ಮೂರು ಬೆರಳು.