ಅಗಲಿದವರ ಪುಟ

ಗಡಿಯಾರ ರಿಪೇರಿಯವನ ದನಿ ಪಾತಾಳದಿಂದ ಎದ್ದು ಬಂದಂತಿತ್ತು. ಅದಕ್ಕೇ ಗಾಯನವೃಂದದವರು ಅವನಿಗೆ ಗುಡುಗಪ್ಪ ಎಂದು ಹೆಸರಿಟ್ಟಿದ್ದರು. ಹತ್ತೊಂಬತ್ತು ವರ್ಷಗಳ ಕಾಲ ಅವನು ಹಿಂದಿನ ಸಾಲಿನಲ್ಲಿ ನಿಂತು ಹಾಡಿದ. ವೃಂದ ಹನ್ನೆರಡು ಪ್ರಶಸ್ತಿ ಗೆದ್ದಿತು. ಪಿಟೀಲಿನವರು, ಕೊಳಲಿನವರು, ಎತ್ತರದ ದನಿಯ ಹೆಂಗಸರು ಒಬ್ಬೊಬ್ಬರಾಗಿ ವೇದಿಕೆಯ ಮುಂದೆ ಬಂದು ಚಪ್ಪಾಳೆ ಗಿಟ್ಟಿಸಿಕೊಂಡರು. ಗುಡುಗಪ್ಪನ ಸರದಿ ಒಮ್ಮೆಯೂ ಬರಲಿಲ್ಲ.

ಈ ವರ್ಷ ಹೊಟ್ಟೆಯ ಆಪರೇಷನ್ ಆಗಿ ಮೂರು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದ. ವೃಂದದ ಕಡೆಯಿಂದ ಒಂದು ನರಪಿಳ್ಳೆಯೂ ಅತ್ತ ತಲೆಹಾಕಲಿಲ್ಲ. "ಪಾಪ, ಅಭ್ಯಾಸ ಜೋರಿರಬೇಕು" ಎಂದು ಹೆಂಡತಿಗೆ ಅವನೇ ಸಮಾಧಾನ ಹೇಳುತ್ತಿದ್ದ.

ಮನೆಗೆ ಬಂದ ಹದಿನೈದನೇ ದಿನಕ್ಕೆ ವೃಂದದ ಇಪ್ಪತ್ತೈದನೇ ವಾರ್ಷಿಕೋತ್ಸವ. ಆಮಂತ್ರಣ ಅದ್ಯಾಕೋ ಹೆಂಡತಿಯ ಹೆಸರಿಗೆ ಬಂದಿತ್ತು. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಈಗ ಜೋತುಬೀಳುತ್ತಿದ್ದ ಕರಿ ಕೋಟು ತೊಟ್ಟು, ಅವಳ ತೋಳು ಹಿಡಿದು ಸಭಾಂಗಣದ ಹಿಂಬಾಗಿಲಿಂದ ಒಳಗೆ ಬಂದ. ಅವನನ್ನು ಕಂಡು ವೃಂದದ ಕಾರ್ಯದರ್ಶಿಯ ಮುಖ ಬಿಳಿಚಿತು.

"ಅಯ್ಯೋ! ನೀವು ಹೋಗ್ಬಿಟ್ರಿ ಅಂದ್ಕೊಂಡಿದ್ವಲ್ಲ!"

"ಎಲ್ಲಿಗೆ?"

"ಆಸ್ಪತ್ರೆಗೆ ಫೋನ್ ಮಾಡಿದ್ರೆ ಹಾಸಿಗೆ ಖಾಲಿ ಆಯ್ತು ಅಂದ್ರು..."

ಕಾರ್ಯದರ್ಶಿ ಸ್ಮರಣ ಸಂಚಿಕೆ ಬಿಡಿಸಿ ತೋರಿಸಿದ. ಹನ್ನೆರಡು ಪ್ರಶಸ್ತಿಗಳ ಚಿತ್ರ ದಾಟಿದರೆ 'ನಮ್ಮನ್ನು ಅಗಲಿದವರು' ಎಂಬ ಪುಟ. ಅಲ್ಲಿ ಗುಡುಗಪ್ಪನ ಫೋಟೋ, ಕೆಳಗೆ 'ವೃಂದದ ಅಡಿಪಾಯವೇ ಕುಸಿಯಿತು' ಎಂಬ ಸಾಲು. ಅವನು ಅದನ್ನು ಎರಡು ಸಲ ಓದಿದ. ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಇವರು ಯಾವತ್ತೂ ಆಡಿರಲಿಲ್ಲ.

"ಐನೂರು ಪ್ರತಿ ಅಚ್ಚಾಗಿಹೋಗಿದೆ. ಮುಖ್ಯ ಅತಿಥಿಗಳು ಹೆಸರು ಓದಿ ಫಲಕ ಕೊಡ್ತಾರೆ. ಈಗ ನೀವು ಕಾಣಿಸ್ಕೊಂಡ್ರೆ ನಮ್ಮ ಮಾನ ಮೂರು ಕಾಸಿಗೆ ಹರಾಜು. ಒಂದ್ಗಂಟೆ ಪರದೆ ಹಿಂದೆ ಕೂತಿರಿ. ಅಕ್ಕ, ಫಲಕ ನೀವು ತಗೊಂಡ್ಬಿಡಿ."

"ಗಂಡ ಕಲ್ಲುಗುಂಡಿನ ಹಾಗೆ ನಿಂತಿರೋವಾಗ ನಾನ್ಯಾಕ್ರೀ ತಗೊಳ್ಳಲಿ? ನಿಮ್ಮ ಬಾಯಿಗೆ ಹುಳ ಬೀಳ!" ಹೆಂಡತಿ ಸಿಡಿದಳು.

ಗುಡುಗಪ್ಪನೇ ಅವಳ ಕೈ ಅದುಮಿದ. "ಹೋಗೇ. ವೃಂದದ ಮರ್ಯಾದೆ ಪ್ರಶ್ನೆ."

ಪರದೆಯ ಸಂದಿಯಿಂದ ನೋಡಿದ. ಮೈಕಿನಲ್ಲಿ ಅವನ ಹೆಸರು ಕೇಳಿದ್ದೇ ತಡ, ಸಭೆಯೆಲ್ಲ ಎದ್ದು ನಿಂತಿತು. ಹೆಂಡತಿ ಫಲಕ ಹಿಡಿದು ನಿಜವಾಗಿಯೇ ಬಿಕ್ಕಿಬಿಕ್ಕಿ ಅತ್ತಳು. ಅವನ ನೆನಪಿಗೆಂದು ವೃಂದ ಹಾಡಿತು. ಅವನ ಜಾಗದಲ್ಲಿ ಹೊಸಬ ನಿಂತಿದ್ದ, ಒಬ್ಬ ಲಾರಿ ಡ್ರೈವರ್. ಆ ಡ್ರೈವರನ ದನಿ ಇನ್ನೂ ಆಳಕ್ಕಿತ್ತು; ಅದು ಗುಡುಗಪ್ಪನಿಗೂ ತಿಳಿಯಿತು.

ಸೋಮವಾರ ಸಂಜೆ ಎಂದಿನಂತೆ ಅಭ್ಯಾಸದ ಕೋಣೆಗೆ ಹೋದ. ಡ್ರೈವರ್ ಕುರ್ಚಿಯಿಂದ ಅರ್ಧ ಎದ್ದ.

"ನೀವು ಕೂತ್ಕೊಳ್ರೀ, ಅದು ನಿಮ್ಮ ಜಾಗ," ಎಂದು ಡ್ರೈವರನಿಗೆ ಹೇಳಿ ವೃಂದದ ನಿರ್ದೇಶಕ ಗುಡುಗಪ್ಪನ ಕಡೆ ತಿರುಗಿದ. "ಅಷ್ಟು ದೊಡ್ಡ ಗೌರವ ಸಿಕ್ಕಿದೆಯಲ್ಲ ಯಜಮಾನ್ರೇ, ಇನ್ನೇನು ಬೇಕು? ಆರಾಮಾಗಿ ಮನೇಲಿರಿ."

ಅವನು ಬಾಗಿಲ ಬಳಿಯೇ ನಿಂತ. ಕೆಳಸ್ವರದ ಸಾಲು ಬಂದಾಗ ತಡೆಯಲಾಗದೆ ದನಿಗೂಡಿಸಿದ. ಹೊಲಿಗೆ ಬಿದ್ದ ಹೊಟ್ಟೆಯಿಂದ ಉಸಿರು ಮೇಲೇಳಲಿಲ್ಲ. ಗಂಟಲು ಬರೀ ಗೊರಗೊರ ಎಂದಿತು. ನಿರ್ದೇಶಕ ಕೋಲಿನಿಂದ ಮೇಜು ಕುಟ್ಟಿದ.

"ಯಾರದದು ಅಪಸ್ವರ?"

ಎಲ್ಲರೂ ಬಾಗಿಲ ಕಡೆ ನೋಡಿದರು. ಗುಡುಗಪ್ಪ ಹೊರಗೆ ಬಂದು ಸದ್ದಾಗದಂತೆ ಬಾಗಿಲು ಎಳೆದುಕೊಂಡ. ಒಳಗೆ ಹಾಡು ಮೊದಲಿನಿಂದ ಶುರುವಾಯಿತು.