ಮೂರು ಸಲ ‘ಬಿಡು’

ಮಗನನ್ನು ವಸತಿ ಶಾಲೆಯಿಂದ ಎರಡು ದಿನಕ್ಕೆ ಮನೆಗೆ ಕರೆತಂದಿದ್ದೆ. ಸಿಟ್ಟು ನೆತ್ತಿಗೇರಿದರೆ ಕೈಗೆ ಸಿಕ್ಕಿದ್ದನ್ನು ಎಸೆಯುವ ಹುಡುಗರಿಗೆಂದೇ ಇರುವ ಶಾಲೆ ಅದು. ಈ ಎರಡು ದಿನ ರಂಪವಿಲ್ಲದೆ ಕಳೆದರೆ ಮುಂದಿನ ತಿಂಗಳು ಅವನು ಮನೆಗೇ ಬರಬಹುದು. ಇಲ್ಲವಾದರೆ ಇನ್ನೂ ಆರು ತಿಂಗಳು ಅಲ್ಲೇ. ವಾರ್ಡನ್ ಒಂದು ಹಾಳೆ ಕೊಟ್ಟು ಓದಿಕೊಳ್ಳಿ ಎಂದಿದ್ದರು. ಹೆತ್ತವಳಿಗೆ ಹಾಳೆ ಪಾಠ ಹೇಳಬೇಕೇ ಎಂದು ಮೈಯೆಲ್ಲ ಉರಿದು, ಅದನ್ನು ಮಡಚಿ ಬ್ಯಾಗಿಗೆ ತುರುಕಿದ್ದೆ.

ನಾನು ಕೂತಲ್ಲಿ ಕೂರಲಿಲ್ಲ. ಅವನು ಎದ್ದರೆ ಎದ್ದೆ, ಸ್ನಾನಕ್ಕೆ ಹೋದರೆ ಬಾಗಿಲಿಗೆ ಕಿವಿಯಿಟ್ಟೆ. ಚಾಕು, ಕತ್ತರಿ ಎಲ್ಲ ಬೀರು ಸೇರಿದ್ದವು. ಒಂದು ಈರುಳ್ಳಿ ಹೆಚ್ಚಬೇಕಾದರೂ ಬೀಗದ ಕೈ ಹುಡುಕುತ್ತಿದ್ದೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ, ಅಲ್ಲಿ ಹೊಡೀತಾರಾ, ಸ್ನೇಹಿತರಿದ್ದಾರಾ ಎಂದು ಕೇಳಿದ್ದನ್ನೇ ಕೇಳಿದೆ.

“ಬಿಡು,” ಎಂದ.

“ಏನೋ ಬಿಡೋದು? ಬಾಯಿಬಿಟ್ಟು ಹೇಳೋಕೇನು?”

ತಟ್ಟೆ ಬಿಟ್ಟು ಬಾಗಿಲಿನತ್ತ ನಡೆದ. ಓಡಿಹೋಗಿ ಅಡ್ಡ ನಿಂತೆ.

“ಅಮ್ಮಾ, ಬಿಡು.”

“ಎಲ್ಲದಕ್ಕೂ ಬಿಡು ಅಂದ್ಬಿಟ್ರೆ ಮುಗೀತಾ? ನನ್ನ ಮಾತು ಅಷ್ಟು ಸಸಾರಾನಾ ನಿಂಗೆ?”

ಅವನ ಮುಷ್ಟಿ ಬಿಗಿಯಿತು. ಹೆತ್ತ ಮಗನಿಗೇ ನಾನು ಹೆದರಿದೆ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

“ಬಿಡು.” ಹಲ್ಲು ಕಚ್ಚಿಕೊಂಡೇ ಮುಂದುವರಿಸಿದ. “ಅಂದ್ರೆ ದಾರಿ ಬಿಡು ಅಂತ. ಶಾಲೇಲಿ ಹಾಗಂದ್ರೆ ಎಲ್ರೂ ಪಕ್ಕಕ್ಕೆ ಸರೀತಾರೆ. ಒಂದು ಸುತ್ತು ನಡೆದು ಬರ್ತೀವಿ. ಹಾಳೇಲಿ ಬರೆದಿದೆಯಲ್ಲ.”

ಸರಿದೆ. ಅವನು ಹೋದ. ಕಿಟಕಿಗೂ ಬಾಗಿಲಿಗೂ ಓಡಾಡುತ್ತಲೇ ಹಾಳೆ ಓದಿದೆ. ಅವನು ಹೇಳಿದ್ದು ಮೊದಲ ಸಾಲಿನಲ್ಲೇ ಇತ್ತು. ಕೊನೆಯಲ್ಲಿ ನಾನು ಉತ್ತರ ತುಂಬಿ ವಾರ್ಡನ್‌ಗೆ ಮರಳಿಸಬೇಕಾದ ಎರಡು ಪ್ರಶ್ನೆ: ಹುಡುಗ ‘ಬಿಡು’ ಎಂದದ್ದು ಎಷ್ಟು ಸಲ? ನೀವು ಬಿಟ್ಟದ್ದು ಎಷ್ಟು ಸಲ?

ಹನ್ನೆರಡು ನಿಮಿಷಕ್ಕೆ ಬೆವರು ಸುರಿಸುತ್ತ ವಾಪಸು ಬಂದ. ಬಾಗಿಲ ಬಳಿ ಸ್ಟೂಲ್ ಮೇಲೆ ಕೂತಿದ್ದ ನನ್ನ ಕೈಯಲ್ಲಿ ಪೆನ್ನು ನೋಡಿದ.

“ಎರಡಕ್ಕೂ ಒಂದು ಅಂತ ಬರಿಯಮ್ಮ. ಯಾರಿಗೆ ಗೊತ್ತಾಗುತ್ತೆ?”

ಆರು ತಿಂಗಳು ಎಂದರೆ ಸುಮ್ಮನೆಯೇ? ಆದರೆ ಸುಳ್ಳು ಬರೆದು ಕರೆತಂದರೆ ನಾಳೆ ಇದೇ ಬಾಗಿಲಿಗೆ ಅಡ್ಡ ನಿಲ್ಲುವವಳು ನಾನೇ. ಮೂರು ಎಂದು ಬರೆದೆ. ಕೆಳಗೆ ಒಂದು ಎಂದು ಬರೆದೆ. ರಂಪ ಮಾಡಿದ್ದು ತಾಯಿ ಎಂದೂ ಸೇರಿಸಿದೆ. ಕಣ್ಣು ತುಂಬಿ ಅಕ್ಷರ ಕಾಣದಾಯಿತು.

“ಬಿಡಮ್ಮ,” ಎಂದ ಮೆಲ್ಲಗೆ.

ನಾನು ದಡಬಡಿಸಿ ಎದ್ದು ಬಾಗಿಲಿನಿಂದ ಪಕ್ಕಕ್ಕೆ ಸರಿದೆ. ಅವನು ಎಲ್ಲಿಗೂ ಹೋಗಲಿಲ್ಲ. ಬಿಟ್ಟುಹೋಗಿದ್ದ ತಟ್ಟೆಯ ಮುಂದೆ ಬಂದು ಕೂತ.